ಬಾರೋಲೋ ಮತ್ತು ಬಹುವಚನ

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನಗೆ ಬಂದದ್ದು ಒಂದೇ ಒಂದು ಬಾಟಲಿ ವೈನ್. ಕೊಡೆಯನ್ನು ಮಾತ್ರ ಹಗಲೂ ಮಡಚಲಿಲ್ಲ.

ಮಲೇಷ್ಯಾದ ನಿಲಾಯ್‌ನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನನ್ನನ್ನು ಒಮ್ಮೆ ಇಟಲಿಯ ತೂರಿನ್‌ಗೆ ಸಮ್ಮೇಳನಕ್ಕೆಂದು ಕಳಿಸಿದರು. ಅಲ್ಲಿನವರು ಒಂದು ಮಧ್ಯಾಹ್ನ ನಮ್ಮನ್ನೆಲ್ಲ ಬಸ್ಸಿಗೆ ಹತ್ತಿಸಿ ಲಾಂಗೆ ಎಂಬ ಗುಡ್ಡಸಾಲಿಗೆ ಕರೆದೊಯ್ದು, ಬಾರೋಲೋ ಎಂಬ ಕೆಂಪು ವೈನ್ ಕುಡಿಸಿದರು. ಉಡುಪಿಯಲ್ಲಿ ಹುಟ್ಟಿ, ಮಣಿಪಾಲದಲ್ಲಿ ಓದಿ, ನಲವತ್ತು ದಾಟುವ ತನಕ ಹುಳಿ ಮಜ್ಜಿಗೆಯಿಂದಾಚೆ ಹೋಗದಿದ್ದ ನಾನು ಅರ್ಧ ಗ್ಲಾಸಿನಲ್ಲಿ ಪಂಡಿತನಾಗಿ, ಒಂದು ಬಾಟಲಿ ಹಿಡಿದು ವಾಪಸಾದೆ.

ಆಮೇಲೆ ಸಿಕ್ಕಿದವರಿಗೆಲ್ಲ ಪಾಠ. ಮಾಮಕ್ ಎಂದು ಕರೆಯುವ ಇಲ್ಲಿನ ತಮಿಳು ಮುಸ್ಲಿಮರ ಅಂಗಡಿಯಲ್ಲಿ ರೊಟ್ಟಿ ಮುರಿಯುತ್ತಾ, ಬಾರೋಲೋ ಮಾಡುವ ನೆಬ್ಬಿಯೋಲೋ ದ್ರಾಕ್ಷಿಯ ಕಥೆ ಶುರು ಮಾಡುತ್ತಿದ್ದೆ. ನೆಬ್ಬಿಯಾ ಎಂದರೆ ಮಂಜು. ಪೀಡ್‌ಮಾಂಟ್ ಸೀಮೆಯ ಗುಡ್ಡಗಳಿಗೆ ಮಂಜು ಇಳಿಯುವ ಅಕ್ಟೋಬರಿನಲ್ಲಿ, ಬೇರೆ ದ್ರಾಕ್ಷಿಯೆಲ್ಲ ಕೊಯ್ದಾದ ಮೇಲೆ ಅದು ಹಣ್ಣಾಗುವುದು. ಬಣ್ಣ ತೆಳು, ಒಗರು ಮಾತ್ರ ನಮ್ಮ ಗೇರುಹಣ್ಣಿನದೇ. ಬಾರೋಲೋವನ್ನು ಮೂರು ವರ್ಷ ಇಡದೆ ಮಾರುವಂತಿಲ್ಲ ಎಂದು ಅಲ್ಲಿ ಕಾನೂನೇ ಇದೆ. ಅದರಲ್ಲಿ ಗುಲಾಬಿ ಮತ್ತು ಡಾಂಬರಿನ ವಾಸನೆ ಇರುತ್ತದೆಂದು ಬಸ್ಸಿನ ಗೈಡ್ ಹೇಳಿದ್ದಳು. ನನ್ನ ಮೂಗಿಗೆ ಎರಡೂ ಸಿಕ್ಕಿರಲಿಲ್ಲ. ಆದರೂ ಕಣ್ಣು ಮುಚ್ಚಿ "ಗುಲಾಬಿ" ಎನ್ನುತ್ತಿದ್ದೆ. ವೈನ್ ಎಂದರೆ ಪ್ರಾಣ ಬಿಡುವ ನಮ್ಮ ಚೀನೀ ಡೀನ್ ಇದನ್ನೆಲ್ಲ ನಂಬಿದರು. ನಾನು ತಂದಿದ್ದ ಬಾಟಲಿಯನ್ನು ನಮ್ಮ ಮನೆಯಲ್ಲೇ ತೆರೆಯುವುದೆಂದು ಒಂದು ಶನಿವಾರವನ್ನೂ ಗೊತ್ತು ಮಾಡಿಬಿಟ್ಟರು.

ಅದೇ ವಾರ ಊರಿನಿಂದ ಮಾವ ಬಂದರು. ಮಾವ ಅಬಕಾರಿ ಇಲಾಖೆಯ ನಿವೃತ್ತ ಇನ್‌ಸ್ಪೆಕ್ಟರ್, ಕಳ್ಳಭಟ್ಟಿ ಹಿಡಿದು ಹಿಡಿದೇ ತಲೆ ನರೆಸಿಕೊಂಡವರು. ಮದುವೆಗೆ ಮುಂಚೆ ನನ್ನ ಜಾತಕಕ್ಕಿಂತ ಮೊದಲು ನಾನು ಕುಡಿಯುತ್ತೇನೋ ಎಂದು ವಿಚಾರಿಸಿದ್ದರು. ಇಲ್ಲವೆಂದು ಗೊತ್ತಾದ ಮೇಲೆ "ನಮ್ಮ ಅಳಿಯ ಅಪ್ಪಟ ಬಂಗಾರ" ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದರು. ನನ್ನ ಸ್ವಂತ ಅಪ್ಪ ಕೂಡ ನನ್ನ ವಿಷಯದಲ್ಲಿ ಅಷ್ಟು ಜಂಬ ಪಟ್ಟವರಲ್ಲ. ಆ ಬಂಗಾರ ಹಿತ್ತಾಳೆಯೆಂದು ಮಾವನಿಗೆ ಗೊತ್ತಾಗಬಾರದು, ನನಗೆ ಬೇಕಾಗಿದ್ದದ್ದು ಅಷ್ಟೇ.

ವಿಮಾನ ನಿಲ್ದಾಣದಿಂದ ಅವರನ್ನು ಕರೆತರುವಾಗಲೇ ಡೀನ್ ಫೋನ್ ಮಾಡಿದರು. ಕಾರಿನ ಸ್ಪೀಕರಿನಲ್ಲಿ ಅವರ ದನಿ ಮೊಳಗಿತು: "ಡಾಕ್ಟರ್! ಸ್ಯಾಟರ್‌ಡೇ! ಬಾರೋಲೋ ಲಾ, ಬಾರೋಲೋ!"

ಇಲ್ಲಿಯವರು ಪ್ರತಿ ಮಾತಿನ ಬಾಲಕ್ಕೂ 'ಲಾ' ಕಟ್ಟುವುದು ನಮಗೆ ಅಭ್ಯಾಸವಾಗಿತ್ತು. ಮಾವನಿಗೆ ಅದು ಹೊಸದು. ಅವರು ಮಂಡ್ಯದ ಕಡೆ ಸರ್ವಿಸ್ ಮಾಡಿದವರು. 'ಲೋ' ಎಂದರೇನು, 'ಲಾ' ಎಂದರೇನು ಎಂದು ಚೆನ್ನಾಗಿ ಬಲ್ಲವರು. ನಮ್ಮ ಕರಾವಳಿಯಲ್ಲೋ, ಜಗಳ ಆಡುವಾಗಲೂ ಬಹುವಚನ ಬಿಡುವ ಪದ್ಧತಿಯಿಲ್ಲ.

"ಯಾರದು?" ಎಂದರು ಮಾವ.

"ನಮ್ಮ ಡೀನ್, ಮಾವ."

"ಡಾಕ್ಟ್ರನ್ನು ಬಾರೋ ಲೋ ಅಂತ ಕರೆಯುದಾ ಅವ? ಅವನಿಗೆ ಕನ್ನಡ ಎಲ್ಲಿಂದ ಬಂತು?"

ಅದು ವೈನಿನ ಹೆಸರು ಎಂದು ಹೇಳುವ ಧೈರ್ಯ ನನಗೆಲ್ಲಿ? "ನಾನೇ ಕಲಿಸಿದ್ದು ಮಾವ, ಸಲುಗೆಗೆ" ಎಂದುಬಿಟ್ಟೆ.

"ಕಲಿಸ್ಲಿಕ್ಕೆ ಬೇರೆ ಮಾತು ಸಿಕ್ಕಲಿಲ್ವಾ ನಿಮಗೆ?" ಎಂದವರು ಮನೆ ಮುಟ್ಟುವವರೆಗೂ ಕಿಟಕಿಯಾಚೆಯ ಎಣ್ಣೆತಾಳೆ ತೋಟಗಳನ್ನು ನೋಡುತ್ತಾ ಕುಳಿತರು.

ಶನಿವಾರಕ್ಕೆ ನಾನೊಂದು ಉಪಾಯ ಹೂಡಿದೆ. ಬಾರೋಲೋದ ತೆಳು ಕೆಂಪು ಥೇಟ್ ನಮ್ಮ ಪುನರ್ಪುಳಿ ಶರಬತ್ತಿನದು. ಅಡುಗೆಮನೆಯಲ್ಲೇ ಜಗ್ಗಿಗೆ ಸುರಿದು ತಂದರೆ ಡೀನ್‌ಗೆ ವೈನು, ಮಾವನ ಕಣ್ಣಿಗೆ ಶರಬತ್ತು. ಮಾವನಿಗೆಂದು ನಿಜವಾದ ಪುನರ್ಪುಳಿ ಬೇರೆ ಲೋಟದಲ್ಲಿ.

"ಅಪ್ಪನ ಮೂಗು ನಿಮಗೆ ಗೊತ್ತಿಲ್ಲ" ಎಂದಳು ಹೆಂಡತಿ. "ಸಿಕ್ಕಿಬಿದ್ರೆ ನನ್ನ ಕಡೆ ನೋಡ್ಬೇಡಿ, ಈಗಲೇ ಹೇಳಿದ್ದೇನೆ."

ಡೀನ್ ಬಂದರು. ನಾನು ಜಗ್ಗು ಹಿಡಿದು ಅಡುಗೆಮನೆಯಿಂದ ಹೊರಬಂದಾಗ ಮಾವ ಇಸ್ತ್ರಿ ಮಾಡಿದ ಬಿಳಿ ಷರಟಿನ ಗುಂಡಿಯನ್ನು ಕೊರಳವರೆಗೂ ಹಾಕಿಕೊಂಡು ಅವರೆದುರು ನಿಂತಿದ್ದರು. ಇಲಾಖೆಯ ಇಂಗ್ಲಿಷಿನಲ್ಲಿ ಮಾತು ಆಗಲೇ ಅರ್ಧ ದಾರಿ ಬಂದಿತ್ತು. ನಮ್ಮ ಭಾಷೆಯಲ್ಲಿ ಮರ್ಯಾದಸ್ಥರನ್ನು ಹಾಗೆ ಕರೆಯುವುದಿಲ್ಲ; ಇವರು ಡಾಕ್ಟರು, ನನ್ನ ಮಗಳ ಗಂಡ, ನನಗೆ ಮಗನಿದ್ದ ಹಾಗೆ; ತಾವು ಅಧಿಕಾರದಲ್ಲಿ ದೊಡ್ಡವರಿರಬಹುದು, ಆದರೆ ಇನ್ನು ಮುಂದೆ ಅವರಿಗೆ ಗೌರವ ಕೊಟ್ಟು ಮಾತಾಡಬೇಕು. ಅಳಿಯನ ಕೆಲಸಕ್ಕೆ ಕುತ್ತು ಬಂದೀತೆಂಬ ಭಯ ಅವರಿಗೂ ಇದ್ದಿರಬೇಕು. ಆದರೂ ನಿಲ್ಲಿಸಲಿಲ್ಲ.

ಡೀನ್ ಕಕ್ಕಾಬಿಕ್ಕಿಯಾದರು. "ಅಂಕಲ್, ಬಾರೋಲೋ ಈಸ್ ದ ವೈನ್ ಲಾ! ಅದೋ, ಇನ್ ಹಿಸ್ ಹ್ಯಾಂಡ್!" ಎಂದು ನನ್ನ ಕಡೆ ಬೆರಳು ತೋರಿಸಿದರು. ಆ 'ಅದೋ' ಅವರು ಅಂದದ್ದೋ, ನನ್ನ ಎದೆ ಅಂದದ್ದೋ, ಈಗಲೂ ಹೇಳಲಾರೆ.

ಮಾವ ತಿರುಗಿದರು. ಹತ್ತಿರ ಬಂದು ಜಗ್ಗಿನ ಮೇಲೆ ಬಾಗಿ ಒಮ್ಮೆ ಮೂಸಿದರು. ಪುನರ್ಪುಳಿ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವರು ತಲೆ ಎತ್ತಿಯಾಗಿತ್ತು.

"ಡಾಕ್ಟ್ರೇ," ಎಂದರು ಕನ್ನಡದಲ್ಲಿ, ಮೆಲ್ಲಗೆ. "ನೀವು ಕುಡೀತೀರಿ ಅಂತ ನಂಗೆ ಬೇಜಾರಿಲ್ಲ. ದೊಡ್ಡವರಾಗಿದ್ದೀರಿ, ನಿಮ್ಮಿಷ್ಟ. ಆದ್ರೆ ಪರದೇಶದಲ್ಲಿ ನಿಮ್ಮನ್ನು ಒಬ್ಬ ಲೋ ಅಂತಾನಲ್ಲ, ನೀವು ತಲೆ ತಗ್ಗಿಸಿ ಹೂಂ ಅಂತೀರಲ್ಲ ಅಂತ, ಬಂದಾಗಿಂದ ನಂಗೆ ನಿದ್ದೆ ಇಲ್ಲ."

ಡೀನ್ ಗಾಬರಿಯಿಂದ ನಮ್ಮಿಬ್ಬರ ಮುಖ ನೋಡುತ್ತಾ, ಅವರೇನಂದರು ಎಂದು ಕೇಳಿದರು.

"ನಿಮಗೆ ಸ್ವಾಗತ ಅಂದರು" ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ.

ತುಸು ಮುಂಚೆ ಅದೇ ಇಂಗ್ಲಿಷಿನಲ್ಲಿ ಮಾತಾಡಿದ್ದ ಮಾವ ನನ್ನನ್ನು ತಿದ್ದಲಿಲ್ಲ. ಡೀನ್ ಕಡೆಗೆ ತಿರುಗಿ ಕೈಮುಗಿದರು.