ತಪ್ಪು ಓದುವವರದಲ್ಲ

ಶಹಾಪುರದ ಹಳೇ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಟೈಪಿಂಗ್ ಕಲಿಸುವ ಮಲ್ಲೇಶ್ವರಿಯ ಎದುರು ಒಂದು ಮಾತನ್ನು ಮಾತ್ರ ಆಡಬಾರದು. ಹಳ್ಳಿ ಮಂದಿಗೆ ಕಂಪ್ಯೂಟರ್ ತಲೆಗೆ ಹತ್ತುವುದಿಲ್ಲ ಎಂಬ ಮಾತು ಅದು. ಆಡಿದವರು ಸಾಹೇಬರಿರಲಿ, ಒಡಹುಟ್ಟಿದ ಅಣ್ಣನಿರಲಿ, ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ನಿಲ್ಲುತ್ತಾಳೆ.

"ತಿಳಿಯಂಗ ಹೇಳಿದ್ರ ಯಾರಿಗಾದ್ರೂ ತಿಳೀತದ. ನಮಗ ಹೇಳಾಕ ಬರಂಗಿಲ್ಲ ಅಂತ ಒಪ್ಕೋರಿ. ಮಂದಿನ್ನ ಯಾಕ ದಡ್ಡರು ಅಂತೀರಿ?"

ಈ ಸಿಟ್ಟಿಗೆ ಹದಿನಾರು ವರ್ಷ ವಯಸ್ಸು. ಹತ್ತಿಕುಣಿಯ ಕೂಲಿ ಅಂಬ್ರಪ್ಪನ ಮಗಳು ಮಲ್ಲೇಶ್ವರಿ ಪಿಯುಸಿ ಮುಗಿಸಿ ಶಹಾಪುರದ ಟೈಪಿಂಗ್ ಸಂಸ್ಥೆಗೆ ಸೇರಿದಾಗ, ಮಾಲೀಕರು ಹಳೆಯ ಕಂಪ್ಯೂಟರುಗಳಿಗೆ ಪುಕ್ಕಟೆ ಸಿಗುವ ಲಿನಕ್ಸ್ ಎಂಬ ತಂತ್ರಾಂಶ ಹಾಕಿಸಿದ್ದರು. ಅದನ್ನು ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಹಂಚಬಹುದು. ಕಲಿಸುವವರು ಮಾತ್ರ ಇಡೀ ಊರಲ್ಲಿ ಒಬ್ಬರೂ ಇರಲಿಲ್ಲ. ಹೊಸದೇನೋ ಸೇರಿಸಲು ಹೋದಾಗ ಒಂದು ಕಪ್ಪು ಚೌಕ ತೆರೆದು ಪಾಸ್‌ವರ್ಡ್ ಕೇಳಿತು. ಮಲ್ಲೇಶ್ವರಿ ಕೀಲಿ ಒತ್ತಿದಳು, ಒಂದಕ್ಷರವೂ ಮೂಡಲಿಲ್ಲ. ಕೀಬೋರ್ಡು ಸತ್ತಿದೆ ಎಂದುಕೊಂಡು ಬೇರೆಯದನ್ನು ತಂದು ಹಾಕಿದಳು. ಅದೂ ಅಷ್ಟೇ. ಕೊನೆಗೆ ಅಂತರ್ಜಾಲದಲ್ಲಿ ಬಲ್ಲವರು ಸೇರುವ ಚರ್ಚೆಯ ಜಾಗ ಹುಡುಕಿ, ಮುರುಕು ಇಂಗ್ಲಿಷಿನಲ್ಲಿ ತನ್ನ ಕಷ್ಟ ಬರೆದಳು. ಉತ್ತರ ಬಂತು: ಮೊದಲು ಕೈಪಿಡಿ ಓದಿ ಬಾ.

ಇದಕ್ಕೂ ಉತ್ತರ ಎನ್ನುತ್ತಾರೆಯೇ? ಆದರೂ ಅವಳು ಓದಿದಳು. ನಾನೂರು ಪುಟದ ಇಂಗ್ಲಿಷ್ ಕೈಪಿಡಿಯನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಒಂದು ಮಳೆಗಾಲ ಪೂರ್ತಿ ಓದಿದಳು. ಅವಳ ಪ್ರಶ್ನೆಗೆ ಅದರಲ್ಲಿ ಒಂದು ಸಾಲಿನ ಉತ್ತರವೂ ಇರಲಿಲ್ಲ. ಅಕ್ಷರ ಕಾಣದಿದ್ದರೂ ಒಳಗೆ ಹೋಗಿರುತ್ತದೆ, ಸುಮ್ಮನೆ ಹೊಡೆದು ಎಂಟರ್ ಒತ್ತಿದರೆ ಸಾಕು ಎಂಬುದು ಅವಳಿಗೆ ತಾನಾಗಿಯೇ ಗೊತ್ತಾಯಿತು. ಅಷ್ಟು ಸಣ್ಣ ವಿಷಯ. ಅಂದು ಅವಳು ಅತ್ತಳು, ಆಮೇಲೆ ಒಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕನ್ನಡದಲ್ಲಿ ಬರೆದಳು: "ಪಾಸ್‌ವರ್ಡ್ ಹೊಡೆಯುವಾಗ ಏನೂ ಕಾಣುವುದಿಲ್ಲ. ಹೆದರಬೇಡಿ. ಕೀಬೋರ್ಡು ಕೆಟ್ಟಿಲ್ಲ. ನಿಮ್ಮದೇನೂ ತಪ್ಪಿಲ್ಲ."

ಅಲ್ಲಿಂದ ಶುರುವಾದ ಬರವಣಿಗೆ ನಿಂತಿಲ್ಲ. ಅವಳು ಬರೆಯುವ ರೀತಿಯೇ ಬೇರೆ. ಒಂದು ಪುಟ ಬರೆದೊಡನೆ ಗಲ್ಲಿಯ ತುದಿಯ ಝೆರಾಕ್ಸ್ ಅಂಗಡಿಗೆ ಒಯ್ದು ಬಾಷುಮಿಯಾನ ಕೈಗೆ ಕೊಡುತ್ತಾಳೆ. ಆತ ಅದನ್ನು ನೋಡಿಕೊಂಡು ತನ್ನ ಕಂಪ್ಯೂಟರಿನಲ್ಲಿ ಮಾಡಬೇಕು, ಇವಳು ಹಿಂದೆ ಸ್ಟೂಲಿನ ಮೇಲೆ ಕೂತು ನೋಡಬೇಕು. ತುಟಿ ಬಿಚ್ಚುವಂತಿಲ್ಲ. ಆತ ಎಲ್ಲಿ ತಡವರಿಸಿದನೋ ಅಲ್ಲಿ ಪೆನ್ಸಿಲಿನ ಗುರುತು ಬೀಳುತ್ತದೆ.

"ಬೇಟಿ, ಹೇಳಿಬಿಡು ಅತ್ಲಾಗ. ನೋಡಿ ನೋಡಿ ಕಣ್ಣು ಉರಿಯಾಕತ್ತಾವ" ಎಂದು ಬಾಷುಮಿಯಾ ಗೋಗರೆದರೂ ಅವಳು ಕರಗುವವಳಲ್ಲ.

"ಇಲ್ಲ ಚಾಚಾ. ಪುಸ್ತಕದ ಜೋಡಿ ನಾ ಎಲ್ಲಾರ ಮನಿಗಿ ಹೋಗಾಕ ಆಗ್ತದೇನು?"

ಹೀಗೆ ಬಾಷುಮಿಯಾನ ಕಣ್ಣು ಉರಿಸಿ ಉರಿಸಿ ಅರವತ್ತು ಪುಟದ ಪುಸ್ತಕವಾಯಿತು. ಬೇಕಾದವರು ಪ್ರತಿ ಮಾಡಿಕೊಳ್ಳಿ, ತಪ್ಪಿದ್ದರೆ ತಿದ್ದಿ ಎಂದು ರಟ್ಟಿನ ಮೇಲೆಯೇ ಅಚ್ಚು ಹಾಕಿಸಿದಳು. ಯಾದಗಿರಿಯ ಒಂದು ಟ್ರಸ್ಟಿನವರು ಸುತ್ತಲ ಹನ್ನೆರಡು ಹಳ್ಳಿಯ ಗ್ರಂಥಾಲಯಗಳಿಗೆ ಹಳೆಯ ಕಂಪ್ಯೂಟರ್ ಹಂಚಿದಾಗ ಈ ಪುಸ್ತಕವನ್ನೂ ಜೊತೆಗೆ ಕೊಟ್ಟರು. ಕಲಿಸಲು ಜನ ಕಳಿಸಲಿಲ್ಲ. ಪುಸ್ತಕವೊಂದೇ ಸಾಕು ಎಂದು ಮಲ್ಲೇಶ್ವರಿ ಭಾಷೆ ಕೊಟ್ಟಿದ್ದಳು.

ಮೂರನೇ ತಿಂಗಳಿಗೆ ಅವಳ ಫೋನಿಗೆ ಒಂದು ಫೋಟೋ ಬಂತು. ಟ್ರಸ್ಟಿನ ಮೇಲ್ವಿಚಾರಕ ಬಸವಕುಮಾರ ತೆಗೆದದ್ದು, ಸುರಪುರದಿಂದ ಒಳಗೆ ಹೋದರೆ ಸಿಗುವ ಒಂದು ಹಳ್ಳಿಯ ಗ್ರಂಥಾಲಯದ ಗೋಡೆ. ನಮ್ಮ ಪಂಚಾಯ್ತಿ ಗೋಡೆಗಳು ಗೊತ್ತಲ್ಲ, ಯಾರ ಹೆಸರು, ಯಾವ ಸಹಾಯವಾಣಿ, ಯಾವ ಯೋಜನೆ ಎಲ್ಲವೂ ಎಣ್ಣೆಬಣ್ಣದಲ್ಲಿ ಇರಲೇಬೇಕು. ಅಲ್ಲಿಯೂ ನೀಲಿ ಬಣ್ಣದಲ್ಲಿ ಗ್ರಂಥಾಲಯದ ವೇಳೆ, ರಜಾದಿನ, ಅದರ ಕೆಳಗೆ ಅಂಗೈಯಗಲದ ಅಕ್ಷರದಲ್ಲಿ ಕಂಪ್ಯೂಟರಿನ ಪಾಸ್‌ವರ್ಡ್! ಸುತ್ತ ಹೂಬಳ್ಳಿಯ ಅಂಚು ಬೇರೆ.

ಟ್ರಸ್ಟಿನ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಲ್ಲೇಶ್ವರಿ ನಗಲಿಲ್ಲ. ಆ ಗ್ರಂಥಾಲಯ ನೋಡಿಕೊಳ್ಳುವ ಬಸ್ಸಮ್ಮನಿಗೆ ಫೋನು ಮಾಡಿದಳು.

"ನೀವೇ ಹೇಳೀರಲ್ರಿ ಅಕ್ಕೋರ. ಒಂಬತ್ತನೇ ಪುಟ ನೋಡ್ರಿ, ಎದ್ದು ಕಾಣೂ ಕಡಿ ಬರ್ದಿಟ್ಕೋರಿ ಅಂತ ಅದ. ಪೇಂಟರ್ ಹೆಂಗೂ ಬಂದಿದ್ದ, ಬರಸೀನಿ. ಊರ ಮಂದಿ ಕಂಪ್ಯೂಟರ್, ಊರ ಮಂದಿಗಿ ಗೊತ್ತಿರಬ್ಯಾಡೇನ್ರಿ?"

ಮಲ್ಲೇಶ್ವರಿ ಒಂಬತ್ತನೇ ಪುಟ ತೆಗೆದಳು. ಖರೆ, ಹಾಗೆಯೇ ಬರೆದಿದ್ದಳು. ಬಸ್ಸಮ್ಮ ಪುಸ್ತಕವನ್ನು ಅಕ್ಷರ ಬಿಡದೆ ನಂಬಿದ್ದಳು. ಅದಕ್ಕಿಂತ ಹೆಚ್ಚು ಓದುವವಳೊಬ್ಬಳಿಂದ ಏನು ಬೇಕು? ನಾಚಿಕೆಯಾಗಬೇಕಾದದ್ದು ಬರೆದವಳಿಗೆ. ಅವಳಿಗೆ ಆಯಿತು ಕೂಡ. ಆ ಪುಟ ತಿದ್ದಿ ಹನ್ನೆರಡೂ ಹಳ್ಳಿಗೆ ಕಳಿಸಿದಳು.

ಬಸವಕುಮಾರ ಅಷ್ಟಕ್ಕೆ ಬಿಡಲಿಲ್ಲ. "ಮೇಡಂ, ಇದು ಆಗೂ ಮಾತಲ್ಲ. ಯಾದಗಿರಿಯಾಗ ಒಂದು ಖಾಸಗಿ ಸಾಲಿಯವ್ರು ಕೇಳಾಕತ್ಯಾರ. ಹನ್ನೆರಡೂ ಕಂಪ್ಯೂಟರ್ ವಾಪಸ್ ತಂದು ಅವ್ರಿಗೆ ಕೊಟ್ಬಿಡೂಣು ಅಂತ ಮ್ಯಾಲಿನವ್ರು ಅನ್ನಾಕತ್ಯಾರ."

"ಒಂದ ಸಲ ಪರೀಕ್ಷೆ ಮಾಡ್ರಿ. ಗ್ರಂಥಾಲಯ ನೋಡ್ಕೊಳ್ಳೂ ಹನ್ನೆರಡು ಮಂದಿಯಾಗ ಯಾರನ್ನರ ಕುಂದ್ರಸ್ರಿ. ಅವ್ರ ಕೈಯಾಗ ಪುಸ್ತಕ ಒಂದೇ ಇರ್ಲಿ. ಆಗ್ಲಿಲ್ಲಂದ್ರ ಒಯ್ರಿ, ನಾ ಏನೂ ಅನ್ನಂಗಿಲ್ಲ."

"ಯಾರನ್ನಾದ್ರೂ?"

"ಯಾರನ್ನಾದ್ರೂ."

"ಬಸ್ಸಮ್ಮ ಕುಂದ್ರಲಿ ಹಂಗಾದ್ರ" ಎಂದ ಬಸವಕುಮಾರ. ದನಿಯಲ್ಲಿ ನಗೆ ಇತ್ತು.

ಮಲ್ಲೇಶ್ವರಿ ಒಪ್ಪಿದಳು. ಒಂದೇ ಕರಾರು ಹಾಕಿದಳು: ಕೆಲಸ ಮುಗಿಯುವ ತನಕ ಅಲ್ಲಿ ಯಾರೂ ಬಾಯಿ ಬಿಡಬಾರದು.

ಆ ದಿನ ಬೆಳಿಗ್ಗೆ ಗ್ರಂಥಾಲಯದ ಕಿಟಕಿ ಬಾಗಿಲಲ್ಲೆಲ್ಲ ಊರ ಹೆಂಗಸರು ತುಂಬಿದ್ದರು. ಗೋಡೆಯ ಮೇಲೆ ಪಾಸ್‌ವರ್ಡ್ ಇದ್ದಲ್ಲಿ ಹೊಸ ಸುಣ್ಣದ ಪಟ್ಟೆ ಇತ್ತು, ಹೂಬಳ್ಳಿ ಮಾತ್ರ ಹಾಗೇ ಉಳಿದಿತ್ತು. ಬಸವಕುಮಾರ ಒಂದು ಪ್ರಿಂಟರ್ ತಂದು ಜೋಡಿಸಿ ಕೆಲಸ ಹೇಳಿದ: ಕಂಪ್ಯೂಟರ್ ಹಚ್ಚಬೇಕು, ಇದನ್ನು ನಮ್ಮೂರಲ್ಲೇ ಉಳಿಸಿ ಎಂದು ಟ್ರಸ್ಟಿಗೆ ಕನ್ನಡದಲ್ಲಿ ಒಂದು ಅರ್ಜಿ ಹೊಡೆಯಬೇಕು, ಅಚ್ಚು ತೆಗೆದು ಅವನ ಕೈಗೆ ಕೊಡಬೇಕು. ಅವರದೇ ವಸ್ತುವಿಗೆ ಅವರಿಂದಲೇ ಬೇಡಿಸುವ ಆಸೆ, ನೋಡಿ ಇವನಿಗೆ.

ಐವತ್ತರ ಹತ್ತಿರದ ಬಸ್ಸಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳು. ಒಂದೊಂದು ಸಾಲನ್ನೂ ಬೆರಳಿಟ್ಟು ಓದುತ್ತ, ಓದಿದ್ದನ್ನು ಮಾಡುತ್ತ ಹೋದಳು. ಮಾನ್ಯರೇ, ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ ಎಂದು ಶುರುವಾದ ಅರ್ಜಿ ದಯಮಾಡಿ, ಕೃಪೆ ಮಾಡಿ ಎಂದೆಲ್ಲ ಬಾಗಿ ಬಳುಕಿ ಎಂಟು ಸಾಲಾಯಿತು. ಹಿಂದಿನ ಬೆಂಚಿನಲ್ಲಿ ಮಲ್ಲೇಶ್ವರಿ ಉಸಿರು ಬಿಟ್ಟಳು. ಉಳಿದದ್ದು ಅಚ್ಚು ತೆಗೆಯುವುದು, ಪುಟ ಹದಿನೇಳು.

ಬಸ್ಸಮ್ಮನ ಬೆರಳು ಅಲ್ಲಿ ನಿಂತಿತು.

ಮೇಲೆ ಎಡಗಡೆ ಪ್ರಿಂಟರಿನ ಸಣ್ಣ ಚಿತ್ರವಿದೆ, ಅದನ್ನು ಒತ್ತಿ ಎಂದಿತ್ತು ಪುಸ್ತಕ. ಪರದೆಯ ಎಡಗಡೆ ಅಂಥ ಚಿತ್ರವೇ ಇರಲಿಲ್ಲ. ಮಲ್ಲೇಶ್ವರಿಗೆ ಕೂತಲ್ಲೇ ಅರ್ಥವಾಯಿತು. ಎರಡು ದಿನದ ಹಿಂದೆ ಟ್ರಸ್ಟಿನವರು ಎಲ್ಲ ಕಂಪ್ಯೂಟರಿಗೂ ಹೊಸ ಆವೃತ್ತಿ ಹಾಕಿದ್ದರು. ಲೋಕದ ಯಾವುದೋ ಮೂಲೆಯಲ್ಲಿ ಕೂತವರು ಅಂದ ಹೆಚ್ಚಲೆಂದು ಆ ಚಿತ್ರ ತೆಗೆದು, ಬಲಗಡೆಯ ಮೂರು ಗೆರೆಯ ಗುರುತಿನ ಒಳಗೆ ಸೇರಿಸಿದ್ದರು. ಹೊಸ ಆವೃತ್ತಿ ಬಂದದ್ದು ಗೊತ್ತಿದ್ದೂ ಪುಸ್ತಕವನ್ನು ಅದರ ಜೊತೆ ತಾಳೆ ನೋಡದವಳು ಅವಳೇ.

ಎದ್ದು ಒಂದು ಬೆರಳು ತೋರಿದರೆ ಮುಗಿಯಿತು. ಆದರೆ ತೋರಿದರೆ ಪುಸ್ತಕ ಸೋತಂತೆ, ಹನ್ನೆರಡು ಕಂಪ್ಯೂಟರೂ ಹೋದಂತೆ. ಹದಿನಾರು ವರ್ಷದ ಅವಳ ಮಾತು ಒಂದು ಸಣ್ಣ ಚಿತ್ರಕ್ಕೆ ಸಿಕ್ಕಿಬಿದ್ದಿತ್ತು. ಅವಳು ಎರಡೂ ಕೈಯಿಂದ ಬೆಂಚನ್ನು ಹಿಡಿದು ಕೂತಳು. ಪರೀಕ್ಷೆ ಮುಗಿಯಿತೆಂದು ಬಸವಕುಮಾರ ಪ್ರಿಂಟರಿನ ವೈರು ಕೀಳಲು ಕೈ ಚಾಚಿದ.

"ಮುಟ್ಟಬ್ಯಾಡ್ರಿ" ಎಂದಳು ಬಸ್ಸಮ್ಮ, ತಿರುಗಿ ನೋಡದೆ. "ನಂದು ಮುಗ್ದಿಲ್ಲ."

ಮತ್ತೊಮ್ಮೆ ಓದಿದಳು. ಪರದೆ ನೋಡಿದಳು. ಪುಸ್ತಕ ಮಡಚಿ ಪಕ್ಕಕ್ಕಿಟ್ಟು, ತುಂಬಿದ ಮಂದಿಗೆಲ್ಲ ಕೇಳುವಂತೆ ಹೇಳಿದಳು: "ಅಕ್ಕೋರ, ಇಲ್ಲಿ ನೀವು ತಪ್ಪು ಬರ್ದೀರಿ."

ನನಗೆ ತಿಳಿಯಲಿಲ್ಲ ಎನ್ನಲಿಲ್ಲ, ನಾನು ದಡ್ಡಿ ಎನ್ನಲಿಲ್ಲ. ನೀವು ತಪ್ಪು ಬರೆದಿದ್ದೀರಿ ಎಂದಳು. ಸೋಲುವ ಹೊತ್ತಿನಲ್ಲಿ ಕೂತಿದ್ದ ಮಲ್ಲೇಶ್ವರಿಗೆ ಎದೆ ತುಂಬಿ ಬಂತು. ಬಾಯಿ ಬಿಡುವಂತಿರಲಿಲ್ಲ, ಹೌದೆಂದು ಜೋರಾಗಿ ತಲೆಯಾಡಿಸಿದಳು.

ಆಮೇಲೆ ಬಸ್ಸಮ್ಮ ಅಂಜಿಕೆ ಬಿಟ್ಟು ಪರದೆಯ ಮೂಲೆ ಮೂಲೆಯನ್ನೂ ತೆರೆದು ನೋಡಿದಳು. ಕೆಡಿಸಿದರೆ ಮತ್ತೆ ಸರಿ ಮಾಡಿದರಾಯಿತು ಎಂಬಂತೆ ಒಂದನ್ನು ತೆರೆದು, ಮುಚ್ಚಿ, ಇನ್ನೊಂದನ್ನು ತೆರೆದಳು. ನಾಲ್ಕನೇ ಸಲಕ್ಕೆ ಮೂರು ಗೆರೆಯ ಒಳಗೆ ಪ್ರಿಂಟರಿನ ಚಿತ್ರ ಸಿಕ್ಕಿತು. ಆದರೆ ಅದನ್ನು ಒತ್ತಲಿಲ್ಲ. ಅರ್ಜಿಗೆ ವಾಪಸು ಹೋಗಿ ಎಂಟೂ ಸಾಲು ಅಳಿಸಿದಳು. ಹೊಸದಾಗಿ ಏನೋ ಹೊಡೆದು, ಆಮೇಲೆ ಒತ್ತಿದಳು.

ಪ್ರಿಂಟರಿನಿಂದ ಎರಡು ಹಾಳೆ ಬಂದವು. ಬಸ್ಸಮ್ಮ ಒಂದನ್ನು ಬಸವಕುಮಾರನ ಕೈಗಿತ್ತಳು. ಅವನು ಓದಿದ, ಮತ್ತೊಮ್ಮೆ ಓದಿದ, ಮಲ್ಲೇಶ್ವರಿಯತ್ತ ಹಾಳೆ ತಿರುಗಿಸಿದ. ಅದರಲ್ಲಿ ಇದ್ದದ್ದು ಇಷ್ಟೇ:

"ಹದಿನೇಳನೇ ಪುಟ ತಪ್ಪಿದೆ, ಅದನ್ನು ನಾವು ತಿದ್ದಿಕೊಳ್ಳುತ್ತೇವೆ. ಕಂಪ್ಯೂಟರ್ ಇಲ್ಲೇ ಇರುತ್ತದೆ."

"ಇದು ಅರ್ಜಿ ಅಲ್ಲಲ್ಲ ಬಸ್ಸಮ್ಮಾರ" ಎಂದ ಬಸವಕುಮಾರ.

"ಅಲ್ರಿ" ಎಂದಳು ಬಸ್ಸಮ್ಮ. ಎರಡನೇ ಹಾಳೆಯನ್ನು ಮೇಜಿನ ಮೇಲೆ ಹರಡಿ, ಪೆನ್ನು ತೆಗೆದು ಅವನ ಮುಂದಿಟ್ಟಳು. "ಇದರ ಮ್ಯಾಲ ಮುಟ್ಟಿತು ಅಂತ ಬರ್ದು, ತಾರೀಖು ಹಾಕಿ ಸಹಿ ಮಾಡ್ರಿ. ಈ ಪ್ರತಿ ನಮ್ಮ ಕಡಿ ಇರ್ತದ."