ಆ ಉಣ್ಣಿ ಎಲ್ಲಿಯದು

ನನಗೂ ನನ್ನ ಅತ್ತೆಗೂ ಮೊದಲಿನಿಂದಲೇ ಆಗಿಬರುತ್ತಿರಲಿಲ್ಲ. ಅದು ಎಲ್ಲ ಮನೆಗಳಲ್ಲೂ ಇರುವಂಥದ್ದೇ. ಸಾರಿಗೆ ಉಪ್ಪು ಜಾಸ್ತಿಯಾಯಿತು, ಮುಸುರೆ ಪಾತ್ರೆ ಹಾಗೇ ಬಿಟ್ಟಿದ್ದಾಳೆ, ಇಷ್ಟರ ಮಟ್ಟಿನದು. ಅದು ದ್ವೇಷವಾಗಿ ಬೆಳೆಯಲು ಶುರುವಾದದ್ದು ಒಂದು ಹಳೆಯ ದುರ್ಬೀನಿನಿಂದ.

ನಮ್ಮದು ಬಂಗಾರಪೇಟೆಯಿಂದ ಕಾಮಸಮುದ್ರಕ್ಕೆ ಹೋಗುವ ದಾರಿಯಲ್ಲಿರುವ ಒಂದು ಹಳ್ಳಿ. ನಮ್ಮ ಮನೆಯವರು ಬೆಳಗಿನ ರೈಲು ಹಿಡಿದು ಬೆಂಗಳೂರಿನ ಅಂಚಿನ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಹೋಗುತ್ತಾರೆ. ನಾನು ರಾಬರ್ಟ್‌ಸನ್‌ಪೇಟೆಯ ಖಾಸಗಿ ಶಾಲೆಯೊಂದರಲ್ಲಿ ಮೂರನೇ ತರಗತಿಗೆ ಪಾಠ ಮಾಡುತ್ತೇನೆ. ಮಾವ ನಾನು ಮದುವೆಯಾಗಿ ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿದ್ದದ್ದು ನಾವಿಬ್ಬರು, ಅತ್ತೆ ಮತ್ತು ಅತ್ತೆಯ ಹಸು. ಕೊಟ್ಟಿಗೆ ಅಡುಗೆಮನೆಯ ಗೋಡೆಗೆ ಅಂಟಿಕೊಂಡೇ ಇತ್ತು. ಅತ್ತೆ ನಮ್ಮಿಬ್ಬರ ಜೊತೆ ಆಡುವುದಕ್ಕಿಂತ ಹೆಚ್ಚು ಮಾತು ಆ ಹಸುವಿನ ಜೊತೆ ಆಡುತ್ತಿದ್ದರು.

ದುರ್ಬೀನು ಸಿಕ್ಕಿದ್ದು ರಾಬರ್ಟ್‌ಸನ್‌ಪೇಟೆಯ ಹಳೇ ಸಾಮಾನಿನ ಅಂಗಡಿಯಲ್ಲಿ. ಚಿನ್ನದ ಗಣಿ ನಡೆಯುತ್ತಿದ್ದ ಕಾಲದ ಬಂಗಲೆಗಳಿಂದ ಬಂದ ಕುರ್ಚಿ, ಗಡಿಯಾರ, ಪಿಂಗಾಣಿಗಳ ನಡುವೆ ಬಿದ್ದಿತ್ತು. ಒಂದು ಗಾಜು ಮಂಜು ಹಿಡಿದಂತಿತ್ತು, ಇನ್ನೊಂದು ಸರಿಯಾಗಿತ್ತು. ಯಾಕೆ ತೆಗೆದುಕೊಂಡೆನೋ ಈಗಲೂ ಸರಿಯಾಗಿ ಹೇಳಲಾರೆ. ಶಾಲೆಯ ಮಹಡಿಯಿಂದ ಗಣಿಯ ಮಣ್ಣು ಸುರಿದು ಎದ್ದ ಸೈನೈಡ್ ದಿಬ್ಬದ ಮೇಲೆ ಸುತ್ತುತ್ತಿದ್ದ ಒಂದು ಹದ್ದನ್ನು ಅದರಲ್ಲಿ ನೋಡಿದೆ. ಅದು ಕತ್ತು ತಿರುಗಿಸಿ ಕೆಳಗೆ ನೋಡಿದ್ದು ಕಾಣಿಸಿತು. ಅವತ್ತಿನಿಂದ ನನಗೆ ಹಕ್ಕಿ ನೋಡುವ ಹುಚ್ಚು ಹತ್ತಿತು. ಭಾನುವಾರ ಬಂತೆಂದರೆ ಇವರ ಬೈಕ್ ಹತ್ತಿ ಕಾಮಸಮುದ್ರದಾಚೆಯ ಕುರುಚಲು ಗುಡ್ಡಗಳಿಗೆ ಹೋಗುತ್ತಿದ್ದೆವು. ನಾನು ಬಂಡೆಗೊರಗಿ ಕೂತು ನೋಡುತ್ತಿದ್ದೆ, ಇವರು ಸೀತಾಫಲದ ಗಿಡದ ನೆರಳಲ್ಲಿ ನಿದ್ದೆ ಮಾಡುತ್ತಿದ್ದರು. ನೋಡಿದ್ದನ್ನೆಲ್ಲ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಹೆಸರು ಗೊತ್ತಿಲ್ಲದ ಹಕ್ಕಿಯಾದರೆ ಚಿತ್ರ ಬರೆಯುತ್ತಿದ್ದೆ.

ಅತ್ತೆಗೆ ಇದು ಸಹಿಸಲಾಗದ ಸಂಗತಿಯಾಯಿತು. ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಾಗಿರಲಿಲ್ಲ. ಗುಡ್ಡ ಹತ್ತಿ ಇಳಿಯುವವಳ ಹೊಟ್ಟೆಯಲ್ಲಿ ಏನು ನಿಲ್ಲುತ್ತದೆ ಎಂದು ಹಾಲಿನ ಡೇರಿಯ ಹತ್ತಿರ ನಾಲ್ಕು ಜನರ ಮುಂದೆ ಹೇಳಿದರಂತೆ. ನನ್ನ ಮುಂದೆ ಹೇಳಿದ್ದು ಬೇರೆ.

"ಸೊಸೆ ದುರ್ಬೀನಾಕ್ಕಂಡು ಯಾರ್ ಮನೆ ಒಳ್ಗೆ ನೋಡ್ತಾಳೆ ಅಂತ ಜನ ಕೇಳ್ತಾವ್ರೆ. ಏನೇಳ್ಲಿ ನಾನು?"

ನೋಡುವಂಥದ್ದು ಯಾರ ಮನೆಯಲ್ಲೂ ಇಲ್ಲ ಅಂತ ಹೇಳಿ ಎಂದೆ. ಇವರು ತಲೆಯೆತ್ತದೆ ಮುದ್ದೆ ನುಂಗಿದರು. ಈ ಮೌನ ನನ್ನ ಗಂಡನ ಗುಣ. ಇಬ್ಬರ ಕಡೆಗೂ ಮಾತಾಡದಿದ್ದರೆ ಇಬ್ಬರಿಗೂ ಒಳ್ಳೆಯವನಾಗಿರಬಹುದು ಎಂದು ಅಂದುಕೊಂಡ ಮನುಷ್ಯ. ಆ ದಿನಗಳಲ್ಲಿ ನನಗೆ ಅತ್ತೆಯ ಮೇಲಿದ್ದ ಸಿಟ್ಟಿನ ಅರ್ಧ ಇವರ ಮೇಲೂ ಇತ್ತು.

ಶಿವರಾತ್ರಿಗೆ ಇನ್ನೂ ಮೂರು ವಾರವಿದ್ದಾಗ ಒಂದು ಬಂಡೆಯ ಸಂದಿನಲ್ಲಿ ಕೊಂಬಿನ ಗೂಬೆಯ ಗೂಡು ಸಿಕ್ಕಿತು. ಬೂದು ಬಣ್ಣದ ಎರಡು ಮರಿಗಳು. ದನ ಓಡಾಡುವ ಕಾಲುದಾರಿಯ ಪಕ್ಕ, ಒಣಹುಲ್ಲಿನಲ್ಲಿ, ಎರಡು ಗಂಟೆ ಅಲುಗಾಡದೆ ಕೂತಿದ್ದೆ. ದಾರಿಯಲ್ಲಿ ಸಿಕ್ಕ ಕುರಿ ಕಾಯುವವನು ತೆಲುಗಿನಲ್ಲಿ ಆನೆ ಬಂದಾವು, ಬೇಗ ಇಳಿಯಿರಿ ಎಂದು ಎಚ್ಚರಿಸಿದ್ದ. ನಾವು ಆನೆಗೆ ಹೆದರಿ ಹೊತ್ತು ಇಳಿಯುವ ಮೊದಲೇ ಮನೆಗೆ ಬಂದೆವು. ಬೇರೆ ಯಾವುದಕ್ಕಾದರೂ ಹೆದರಬೇಕೆಂದು ನಮಗೆ ಗೊತ್ತಿರಲಿಲ್ಲ.

ಗುಡ್ಡದಿಂದ ಬಂದ ಎಂಟನೇ ದಿನವೋ ಒಂಬತ್ತನೇ ದಿನವೋ ತರಗತಿಯಲ್ಲಿ ಮಗ್ಗಿ ಹೇಳಿಸುತ್ತಿದ್ದಾಗ ಚಳಿ ಬಂತು. ಸಂಜೆಯ ಹೊತ್ತಿಗೆ ಕಣ್ಣಿನ ಹಿಂದೆ ಯಾರೋ ಬೆರಳಿಟ್ಟು ಒತ್ತಿದಂಥ ತಲೆನೋವು. ಶಾಲೆಯ ಹತ್ತಿರದ ಕ್ಲಿನಿಕ್ಕಿನಲ್ಲಿ ವೈರಲ್ ಎಂದು ಮಾತ್ರೆ ಕೊಟ್ಟರು. ಮೂರು ದಿನವಾದರೂ ಜ್ವರ ಇಳಿಯದಿದ್ದಾಗ ರಕ್ತ ಪರೀಕ್ಷೆ ಮಾಡಿಸಿ, ಟೈಫಾಯ್ಡ್ ಇರಬಹುದು ಎಂದು ಇಂಜೆಕ್ಷನ್ ಶುರು ಮಾಡಿದರು. ಆರನೇ ದಿನ ಅಂಗೈ, ಅಂಗಾಲುಗಳಲ್ಲಿ ಕೆಂಪು ಚುಕ್ಕೆಗಳು ಎದ್ದವು. ಪ್ಲೇಟ್‌ಲೆಟ್ ಇಳಿಯುತ್ತಿದೆ ಎಂದು ಬಂಗಾರಪೇಟೆಯ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದರು. ಅಲ್ಲಿನ ದೊಡ್ಡ ಡಾಕ್ಟರು ಡೆಂಗಿ ಎಂದರು. ಡೆಂಗಿ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ, ಆದರೂ ಡೆಂಗಿಯೇ ಎಂದರು.

ನಾನು ಗುಡ್ಡಕ್ಕೆ ಹೋಗಿದ್ದೆ ಎಂದು ಅವರಿಗೆ ಹೇಳಲು ನೋಡಿದೆ. ಅವರು ಫೈಲಿನಿಂದ ತಲೆಯೆತ್ತಲಿಲ್ಲ. ಮನೆಯ ಸುತ್ತ ನೀರು ನಿಂತಿದೆಯಾ ಎಂದು ಇವರನ್ನು ಕೇಳಿದರು. ಅಷ್ಟೂ ದಿನದಲ್ಲಿ ಯಾರೂ ನನ್ನ ಮೈ ನೋಡಲಿಲ್ಲ. ಕೈ ನೋಡಿದರು, ನಾಲಿಗೆ ನೋಡಿದರು, ಸೀರೆಯ ಮೇಲಿಂದಲೇ ಹೊಟ್ಟೆ ಒತ್ತಿದರು.

ಅತ್ತೆ ಹಸುವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಂದು ನನ್ನ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಕೂತರು. ನನಗೆ ಅಮ್ಮ ಇಲ್ಲ. ಬರುವವರು ಬೇರೆ ಯಾರೂ ಇರಲಿಲ್ಲ. ನೋಡಲು ಬಂದವರಿಗೆಲ್ಲ ಅತ್ತೆ ಒಂದೇ ಕಥೆ ಹೇಳುತ್ತಿದ್ದರು, ಕಾಡು ಸುತ್ತಿ ಏನನ್ನೋ ಮೈಮೇಲೆ ತಂದುಕೊಂಡಿದ್ದಾಳೆ ಎಂದು. ನಾನು ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ. ಜ್ವರದಲ್ಲಿ ಮಾತು ಹೊರಡುತ್ತಿರಲಿಲ್ಲ. ಹೊರಟಿದ್ದರೆ ಅವತ್ತೇ ಏನಾದರೂ ಅಂದುಬಿಡುತ್ತಿದ್ದೆ.

ಜ್ವರ ಬಂದ ಎಂಟನೇ ದಿನ ಬೆಳಿಗ್ಗೆ ಅತ್ತೆ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ನನ್ನ ಮೈ ಒರೆಸಿದರು. ಲಂಗದ ಲಾಡಿ ಸಡಿಲಿಸಿದಾಗ ಅವರ ಕೈ ನಿಂತಿತು. ಸೊಂಟದಲ್ಲಿ, ಲಾಡಿ ಬಿಗಿಯುವ ಜಾಗದಲ್ಲೇ, ಬೀಡಿಯಿಂದ ಸುಟ್ಟಂಥ ಒಂದು ಕಪ್ಪು ಕಲೆ, ಸುತ್ತ ಕೆಂಪು. ನನಗೆ ಅಲ್ಲಿ ನೋವೂ ಇರಲಿಲ್ಲ, ತುರಿಕೆಯೂ ಇರಲಿಲ್ಲ. ಅತ್ತೆ ಉಗುರಿನಿಂದ ಅದರ ಅಂಚನ್ನು ಮುಟ್ಟಿ ನೋಡಿ, ನನ್ನನ್ನು ಹಾಗೇ ಬಿಟ್ಟು ಹೊರಗೆ ಹೋದರು. ದೊಡ್ಡ ಡಾಕ್ಟರು ಇರಲಿಲ್ಲ. ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮನನ್ನು ಕರೆದುಕೊಂಡು ಬಂದರು.

"ಇದು ಉಣ್ಣಿ ಕಚ್ಚಿರೋದು ಡಾಕ್ಟ್ರಮ್ಮ. ನಲ್ವತ್ ವರ್ಸದಿಂದ ದನದ್ ಮೈ ನೋಡ್ತಾ ಇವ್ನಿ, ನಂಗ್ ಗೊತ್ತಾಗಲ್ವಾ?"

ಆ ಹುಡುಗಿ ನಗಲಿಲ್ಲ. ಬಗ್ಗಿ ನೋಡಿದಳು, ಮೊಬೈಲಿನ ಬೆಳಕು ಬಿಟ್ಟು ಇನ್ನೊಮ್ಮೆ ನೋಡಿದಳು. ಎಲ್ಲಿ ಓಡಾಡಿದ್ದಿರಿ ಎಂದು ನನ್ನನ್ನೇ ಕೇಳಿದಳು. ಒಂದು ವಾರದಲ್ಲಿ ನನ್ನನ್ನು ನೇರವಾಗಿ ಕೇಳಿದ ಮೊದಲ ಪ್ರಶ್ನೆ ಅದು. ಉಣ್ಣಿಯಿಂದ ಬರುವ ಜ್ವರ ಇರಬಹುದು ಎಂದು ಹೇಳಿ, ದೊಡ್ಡ ಡಾಕ್ಟರಿಗೆ ಫೋನ್ ಮಾಡಿ, ಬಾಗಿಲ ಆಚೆ ನಿಂತು ತುಂಬ ಹೊತ್ತು ವಾದ ಮಾಡಿದಳು. ಮಧ್ಯಾಹ್ನದಿಂದ ಒಂದು ಹೊಸ ಮಾತ್ರೆ ಶುರುವಾಯಿತು. ಎರಡನೇ ದಿನಕ್ಕೆ ಜ್ವರ ಇಳಿಯಿತು. ಮೂರನೇ ದಿನ ನಾನು ಎದ್ದು ಕೂತು ಇಡ್ಲಿ ತಿಂದೆ.

ಅತ್ತೆ ನನ್ನ ಜೀವ ಉಳಿಸಿದರು ಎಂದು ಎಲ್ಲರೂ ಹೇಳಿದರು. ಅದು ನಿಜ. ಕೃತಜ್ಞತೆ ಬರಲೆಂದು ಕಾದೆ, ಬರಲಿಲ್ಲ. ಉಣ್ಣಿ ಎಂದು ಗೊತ್ತಾದ ಮೇಲಂತೂ ಅವರ ಕಥೆಗೆ ಸಾಕ್ಷಿ ಸಿಕ್ಕಂತಾಯಿತು. ವಾರ್ಡಿನ ಬೇರೆ ರೋಗಿಗಳ ಮಂಚದವರೆಗೂ ಹೋಗಿ ಹೇಳಿ ಬಂದರು.

ಮನೆಗೆ ಬಂದ ದಿನ ಅತ್ತೆ ಹಂಡೆ ತುಂಬ ನೀರು ಕಾಯಿಸಿ ತಲೆಗೆ ಹಾಕಿದರು. ಸ್ನಾನ ಮುಗಿಸಿ ಬಂದು ನೋಟ್‌ಬುಕ್ ಹುಡುಕಿದೆ. ಇಡುವ ಜಾಗದಲ್ಲಿ ಇರಲಿಲ್ಲ. ಹಂಡೆಯ ಒಲೆಯ ಬಾಯಲ್ಲಿ ಅದರ ರಟ್ಟಿನ ಒಂದು ಮೂಲೆ ಇನ್ನೂ ಉರಿಯದೆ ಉಳಿದಿತ್ತು. ಎರಡು ವರ್ಷ ಬರೆದದ್ದರ ಉರಿಯಲ್ಲಿ ಕಾದ ನೀರೇ ನನ್ನ ಮೈಮೇಲೆ ಬಿದ್ದಿತ್ತು. ಕೇಳಿದ್ದಕ್ಕೆ ಅತ್ತೆ, ಆ ಪುಸ್ತಕ ಕಾಡಿಗೆ ಹೋಗಿ ಬಂದಿದ್ದು, ಅದರಲ್ಲಿ ಏನೇನು ಮೊಟ್ಟೆ ಇಟ್ಟಿತ್ತೋ, ಸುಟ್ಟಿದ್ದೇ ಒಳ್ಳೆಯದಾಯಿತು ಎಂದರು. ದುರ್ಬೀನನ್ನು ಇವರು ಮೊದಲೇ ಕೆಲಸಕ್ಕೆ ಒಯ್ಯುವ ಚೀಲದಲ್ಲಿ ಅಡಗಿಸಿಟ್ಟಿದ್ದರಂತೆ. ನೋಟ್‌ಬುಕ್ಕನ್ನೂ ಅಡಗಿಸಬಹುದಿತ್ತಲ್ಲ ಎಂದರೆ ಅಷ್ಟು ಹೊಳೆಯಲಿಲ್ಲ ಎಂದರು.

ಹತ್ತು ದಿನ ಬಿಟ್ಟು ಮತ್ತೆ ತೋರಿಸಲು ಹೋದಾಗ ಆ ಡಾಕ್ಟರಮ್ಮನನ್ನು ಕೇಳಿದೆ, ಉಣ್ಣಿ ಎಲ್ಲಿಂದ ಬಂದಿರಬಹುದು ಎಂದು. ಹೇಳಲಾಗದು ಎಂದಳು. ಗುಡ್ಡದ ಹುಲ್ಲಿನಿಂದ ಬರಬಹುದು, ನಾಯಿಯಿಂದ ಬರಬಹುದು, ದನದ ಕೊಟ್ಟಿಗೆಯಿಂದಲೂ ಬರಬಹುದು. ನೀವು ಅಷ್ಟು ಹೊತ್ತು ಹುಲ್ಲಲ್ಲಿ ಕೂತಿದ್ದಿರಿ ಅಂದರೆ ಗುಡ್ಡದ್ದೇ ಇರುವ ಸಂಭವ ಜಾಸ್ತಿ ಎಂದಳು. ಇವರು ಹೊರಗೆ ಬೈಕಿನ ಹತ್ತಿರ ನಿಂತಿದ್ದರು. ಆ ಮಾತು ಕೇಳಿದ್ದು ನಾನೊಬ್ಬಳೇ.

ಮನೆಗೆ ಬಂದು ನಾನು ಅದರ ಒಂದು ತುಂಡನ್ನು ಮಾತ್ರ ಹೇಳಿದೆ. "ಹಸುವಿನಿಂದ ಬರುತ್ತಂತೆ ಅತ್ತೆ. ಡಾಕ್ಟರೇ ಹೇಳಿದ್ದು."

ಅತ್ತೆಯ ಮುಖ ಬಿಳಿಚಿಕೊಂಡಿತು. ಅದನ್ನು ನೋಡಿ ನನಗೆ ಆದ ಸಂತೋಷವನ್ನು ಇಲ್ಲಿ ಮುಚ್ಚಿಡುವುದಿಲ್ಲ. ಆಸ್ಪತ್ರೆಯಲ್ಲಿ ಬಾಯಿ ಬಿಡಲಾಗದೆ ನುಂಗಿಕೊಂಡದ್ದಕ್ಕೆಲ್ಲ ಜೀವ ಬಂತು. ಮರುದಿನ ಡೇರಿಯ ಹತ್ತಿರ ನಾನೇ ಹೋಗಿ ನಿಂತು, ಕೊಟ್ಟಿಗೆಯ ಉಣ್ಣಿಯಿಂದ ನಾನು ಸಾಯುವಂತಾದೆ ಎಂದು ಹೇಳಿದೆ. ಪಶು ಆಸ್ಪತ್ರೆಯವರನ್ನು ಕರೆಸಿದ್ದಾಯಿತು. ಅವರು ಹಸುವಿನ ಕಿವಿ, ಕೆಚ್ಚಲು ನೋಡಿ, ಉಣ್ಣಿ ಇವೆ, ಎಲ್ಲ ದನಕ್ಕೂ ಇರುತ್ತವೆ, ಔಷಧಿ ಹಾಕಿ ತೊಳೆದರೆ ಹೋಗುತ್ತವೆ ಎಂದರು. ಅತ್ತೆ ಬೆಳಿಗ್ಗೆ ಸಂಜೆ ತೊಳೆದರು, ಕೈಯಲ್ಲಿ ಒಂದೊಂದೇ ಉಣ್ಣಿ ಕಿತ್ತು ಸೀಮೆಎಣ್ಣೆಯ ಡಬ್ಬಿಗೆ ಹಾಕಿದರು. ನಾನು ಅಡುಗೆಮನೆಯ ಕಿಟಕಿ ಮುಚ್ಚಿಕೊಂಡೆ. ಸಂಜೆ ಇವರನ್ನು ಕೂರಿಸಿಕೊಂಡು, ಅತ್ತೆಗೆ ಕೇಳುವ ಹಾಗೆಯೇ, ಹಸು ಇರುವ ಮನೆಯಲ್ಲಿ ನಾನಿರುವುದಿಲ್ಲ, ರಾಬರ್ಟ್‌ಸನ್‌ಪೇಟೆಯಲ್ಲಿ ಬಾಡಿಗೆ ಮನೆ ನೋಡಿ ಎಂದೆ. ಇವರು ಮರುದಿನ ರೈಲಿನಲ್ಲಿ ಜೊತೆಯವರನ್ನು ಬಾಡಿಗೆ ಮನೆ ವಿಚಾರಿಸಿದರು. ಅದು ಹೇಗೋ ಅತ್ತೆಯ ಕಿವಿಗೂ ಬಿತ್ತು.

ಯುಗಾದಿಗೆ ಮೊದಲಿನ ವಾರ ನಾನು ಶಾಲೆಯಿಂದ ಬಂದಾಗ ಕೊಟ್ಟಿಗೆ ಖಾಲಿಯಿತ್ತು. ಆಂಧ್ರದ ಕಡೆಯ ದಲ್ಲಾಳಿಯೊಬ್ಬ ಬಂದು ಹಸುವನ್ನು ಕೊಂಡು ಹೊಡೆದುಕೊಂಡು ಹೋಗಿದ್ದ. ಅತ್ತೆ ಫಿನಾಯಿಲ್ ಹಾಕಿ ನೆಲ ಉಜ್ಜುತ್ತಿದ್ದರು. ಕಣ್ಣು ಕೆಂಪಾಗಿರಲಿಲ್ಲ, ಧ್ವನಿಯೂ ನಡುಗಲಿಲ್ಲ.

"ಈಗ ಸಮಾದಾನ ಆಯ್ತೇನಮ್ಮ? ಇನ್ ಕಳ್ಸೋಕೆ ಉಳ್ದಿರೋದು ನಾನೊಬ್ಳೇ."

ನಾನು ಕೈಕಾಲು ತೊಳೆದುಕೊಂಡು ಒಳಗೆ ಹೋದೆ. ಗೆದ್ದೆ ಎಂದುಕೊಂಡೆ. ಆ ಗೆಲುವು ಅವತ್ತಿನ ಊಟದ ತನಕವೂ ಉಳಿಯಲಿಲ್ಲ. ಅತ್ತೆ ಊಟಕ್ಕೆ ಬರಲಿಲ್ಲ. ಮರುದಿನ ಬೆಳಿಗ್ಗೆ ಅಭ್ಯಾಸಬಲದಿಂದ ಎದ್ದು ಬಕೆಟ್ ಹಿಡಿದು ಕೊಟ್ಟಿಗೆಯ ಬಾಗಿಲವರೆಗೆ ಹೋಗಿ, ಅಲ್ಲಿಂದಲೇ ತಿರುಗಿ ಬಂದರು. ನಾನು ನೋಡಿದೆ ಎಂದು ಅವರಿಗೆ ಗೊತ್ತಾಯಿತು. ಆಮೇಲೆ ನಾವಿಬ್ಬರೂ ಮಾತು ಬಿಟ್ಟೆವು. ಬೇಕಾದ್ದನ್ನು ಇವರ ಮೂಲಕ ಹೇಳಿಕೊಳ್ಳುತ್ತಿದ್ದೆವು. ಇವರು ಇಲ್ಲದಾಗ ಹೇಳಿಕೊಳ್ಳುತ್ತಲೇ ಇರಲಿಲ್ಲ.

ಕಾಯಿಲೆಯಿಂದ ನನ್ನ ಕೂದಲು ಹಿಡಿಹಿಡಿಯಾಗಿ ಉದುರಿತು, ಆಮೇಲೆ ಬಂತು. ಎಡಗಿವಿಯಲ್ಲಿ ಒಂದು ಸಣ್ಣ ಶಬ್ದ ಉಳಿದುಬಿಟ್ಟಿದೆ. ಸಣ್ಣ ಹಕ್ಕಿಗಳ ಕೂಗು ಆ ಕಿವಿಗೆ ಕೇಳಿಸುವುದಿಲ್ಲ. ಬೇಸಿಗೆ ಮುಗಿದ ಮೇಲೆ ಮತ್ತೆ ಗುಡ್ಡಕ್ಕೆ ಹೋಗತೊಡಗಿದೆ. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿಕೊಳ್ಳುತ್ತೇನೆ, ಹುಲ್ಲಲ್ಲಿ ಕೂರುವುದಿಲ್ಲ, ಬಂದ ಕೂಡಲೇ ಬಟ್ಟೆಯನ್ನೆಲ್ಲ ಬಿಸಿನೀರಿಗೆ ಹಾಕಿ ಮೈಯೆಲ್ಲ ನೋಡಿಕೊಳ್ಳುತ್ತೇನೆ. ಅತ್ತೆ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅವರೆಕಾಯಿ ಕಾಲದಲ್ಲಿ ಒಂದು ಮಧ್ಯಾಹ್ನ ಜಗಲಿಯ ಎರಡು ತುದಿಯಲ್ಲಿ ಕೂತು ಇಬ್ಬರೂ ಕಾಯಿ ಸುಲಿಯುತ್ತಿದ್ದೆವು. ಮಧ್ಯದಲ್ಲಿ ಮೊರ. ಯಾಕೋ ತಡೆಯಲಾಗಲಿಲ್ಲ. ಡಾಕ್ಟರಮ್ಮ ಹೇಳಿದ್ದನ್ನು ಪೂರ್ತಿಯಾಗಿ ಹೇಳಿಬಿಟ್ಟೆ. ಗುಡ್ಡದ್ದೇ ಇರಬಹುದು ಅಂದಿದ್ದಳು, ನಾನು ಮುಚ್ಚಿಟ್ಟೆ ಎಂದೆ. ಅತ್ತೆಯ ಕೈ ನಿಲ್ಲಲಿಲ್ಲ.

"ಗೊತ್ತಿತ್ತು ಕಣಮ್ಮ. ನಲ್ವತ್ ವರ್ಸ ದನದ್ ಜತೆ ಬಾಳಿದೋಳು ನಾನು. ನಂಗ್ ಒಂದ್ ದಿನ ಬರ್ದಿರೋ ಜರ ಕೊಟ್ಗೇಗೆ ಕಾಲಿಕ್ದಿರೋ ನಿಂಗೆ ಬತ್ತದಾ?"

"ಮತ್ಯಾಕೆ ಮಾರಿದ್ರಿ?"

"ನನ್ ಮಗನ್ನ ಕರ್ಕಂಡೋಗ್ತೀನಿ ಅಂದೆ ನೀನು. ಅವನೂ ಮನೆ ನೋಡೋಕ್ ಸುರು ಮಾಡ್ದ. ಹಸಾನ ಮಾರ್ದೆ, ಮಗ ಉಳ್ಕಂಡ."

ನಾನು ತಪ್ಪಾಯಿತು ಎನ್ನಲಿಲ್ಲ. ನೋಟ್‌ಬುಕ್ ಸುಟ್ಟದ್ದಕ್ಕೆ ಅವರೂ ಎನ್ನಲಿಲ್ಲ. ಮೊರದಲ್ಲಿದ್ದ ಕಾಯಿ ಮುಗಿದಾಗ ಅತ್ತೆ ಮಂಡಿ ಹಿಡಿದುಕೊಂಡು ಎದ್ದು, ಸಿಪ್ಪೆಯನ್ನೆಲ್ಲ ಸೆರಗಿಗೆ ತುಂಬಿಕೊಂಡು ಪಕ್ಕದ ಮನೆಯ ಹಸುವಿಗೆ ಹಾಕಲು ಹೋದರು. ನಾನು ಕಾಳನ್ನು ಒಳಗೆ ಒಯ್ದೆ. ಆ ದಿನದ ಸಾರನ್ನು ಅವರೇ ಮಾಡಿದರು. ನನ್ನ ತಟ್ಟೆಗೆ ನಾನೇ ಬಡಿಸಿಕೊಂಡೆ.