ಕತ್ತಿ ಪರೀಕ್ಷೆಯ ಕಲ್ಲು

ಅರಸೀಕೆರೆಯಿಂದ ಜಾವಗಲ್ಲಿಗೆ ಹೋಗುವ ರಸ್ತೆಯಲ್ಲಿ, ತೆಂಗಿನ ತೋಟಗಳ ನಡುವೆ ಇಂದ್ರೇಶ್ ಅವರ ಕತ್ತಿ ಶೆಡ್ಡಿದೆ. ಇಟಲಿಯ ಹಳೆಯ ಕತ್ತಿವರಸೆ ಕಲಿಯುವವರಿಗೆ ಅಲ್ಲಿ ಸೇಬರ್‌ಗಳು ತಯಾರಾಗುತ್ತವೆ. ನೋಡಲು ಹಳೇ ಕಾಲದ ಸೈನಿಕರ ಕತ್ತಿಯೇ. ಆದರೆ ಅಂಚಿಗೆ ಹರಿತವಿಲ್ಲ, ಮೊನೆ ಮೊಂಡು. ಅಭ್ಯಾಸಕ್ಕಷ್ಟೇ.

ಕಣಕಟ್ಟೆಯ ಕೆಂಚಪ್ಪ ಅಲ್ಲಿ ಕತ್ತಿ ಪರೀಕ್ಷಿಸುವವನು. ಮೊದಲು ಕುಡುಗೋಲು, ಮಚ್ಚು ಬಡಿಯುತ್ತಿದ್ದ. ಈಗ ಗೋಡೆಗೆ ಒರಗಿಸಿದ ಕಲ್ಲುಚಪ್ಪಡಿಗೆ ಸೇಬರಿನ ಮೊನೆ ಊರಿ, ಅಲಗು ಬಿಲ್ಲಿನಂತೆ ಬಾಗುವವರೆಗೆ ಒತ್ತಿ ಬಿಡುತ್ತಾನೆ. ಅದು ನೆಟ್ಟಗಾದರೆ ಸಾಲದು. ಆಗ ಅಂಗೈಗೆ ಬರುವ ನಡುಕವೂ ಸರಿಯಿರಬೇಕು. ಚಪ್ಪಡಿಯನ್ನು ಅವನೇ ಊರಿನ ಕೆರೆಯ ದಡದಿಂದ ತಂದದ್ದು. ಹೆಂಗಸರು ಬಟ್ಟೆ ಒಗೆದೂ ಒಗೆದೂ ಅದು ನುಣುಪಾಗಿತ್ತು.

ಈ ಬೇಸಿಗೆಯಲ್ಲಿ ಅವನ ಅಂಗೈ ಮರಗಟ್ಟತೊಡಗಿತು. ಬಿಸಿ ಲೋಟ ಹಿಡಿದರೂ ತಿಳಿಯದು. ಬೇಲೂರಿನ ಡಾಕ್ಟರು ನರ ಎಂದು ಮಾತ್ರೆ ಕೊಟ್ಟರು. ಅಂಗೈ ಹೋದರೆ ಕೆಲಸವೂ ಹೋಯಿತು. ಇಂದ್ರೇಶರಿಗೆ ಹೇಳದೆ ಕೆಂಚಪ್ಪ ಕಣ್ಣಳತೆಯಲ್ಲೇ ‘ಸರಿ’ ಅನ್ನುತ್ತಾ ಬಂದ. ಆದರೆ ಕೈಗೆ ಬಾರದ ನಡುಕ ಅವನ ಬೆನ್ನಿಗೆ, ಎಡ ಹೆಗಲಿನ ಕೆಳಗೆ, ಬರುತ್ತಿತ್ತು. ಇದನ್ನು ಡಾಕ್ಟರಿಗೂ ಹೇಳಲಾಗಲಿಲ್ಲ.

ಗೋಡೆಗೆ ಸಿಮೆಂಟು ಮೆತ್ತುವ ದಿನ ಚಪ್ಪಡಿ ಸರಿಸಬೇಕಾಯಿತು. ಊಟ ತಂದಿದ್ದ ಹೆಂಡತಿ ಮುದ್ದಮ್ಮನೂ ಕೈ ಹಾಕಿದಳು. ಗೋಡೆಯ ಕಡೆಗಿದ್ದ ಮೈಯಲ್ಲಿ, ತರುವಾಗ ಮೆತ್ತಿಕೊಂಡಿದ್ದ ಕೆಸರು ಒಣಗಿ ಉದುರಿದ್ದ ಕಡೆ, ಒಬ್ಬ ಮನುಷ್ಯನನ್ನು ಕೆತ್ತಿದ್ದರು. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಗುರಾಣಿ.

“ಅಯ್ಯೋ, ವೀರಗಲ್ಲು ಕಣಯ್ಯಾ! ಇಷ್ಟ್ ದಿನ ಇವ್ನ ಬೆನ್ನಿಗೆ ತಿವಿದಿದ್ದೀಯ!”

“ನೀವೆಲ್ಲ ಇವ್ನ ಬೆನ್ ಮ್ಯಾಲೆ ಸೀರೆ ಒಗ್ದಿಲ್ವಾ?” ಕೆಂಚಪ್ಪ ನಗಲು ನೋಡಿದ.

“ಒಗೆಯೋದು ಬ್ಯಾರೆ, ತಿವಿಯೋದು ಬ್ಯಾರೆ. ಮಕ ಈ ಕಡೀಕ್ ಮಾಡಿ ನಿಲ್ಸು.”

ನಿಲ್ಲಿಸಿದ್ದಾಯಿತು. ಮುದ್ದಮ್ಮ ಕಲ್ಲಿಗೆ ಎಣ್ಣೆ ಸವರುತ್ತಿದ್ದಾಗ ಇಂದ್ರೇಶ್ ಬಂದರು.

“ಏನ್ಲಾ ಕೆಂಚಪ್ಪ, ಕತ್ತಿ ಶೆಡ್ನ ಗುಡಿ ಮಾಡ್ಬಿಟ್ಯಾ? ಸಂಜೆಗೆ ಲಾರಿ ಬತ್ತೈತೆ. ಉಳಿದಿರೋದು ನೋಡ್ಬಿಡು.”

ಕೆಂಚಪ್ಪ ಸೇಬರ್ ಎತ್ತಿದ. ಎದೆಗೆ ಊರಲು ಮನಸ್ಸಾಗಲಿಲ್ಲ. ಗುರಾಣಿಗೆ ಊರಿ ಒತ್ತಿದ. ಅಲಗು ಬಾಗಿತು. ಮರಗಟ್ಟಿದ್ದ ಅಂಗೈ ಒಮ್ಮೆಗೇ ಉರಿದು ಎಚ್ಚರವಾಯಿತು. ಹಿಡಿಕೆಯ ಚರ್ಮ, ಹೊಲಿಗೆ, ಬೆವರು, ಎಲ್ಲವೂ ತಿಳಿಯತೊಡಗಿತು. ಖುಷಿಪಡುವಷ್ಟರಲ್ಲಿ ಇನ್ನೊಂದೂ ತಿಳಿಯಿತು. ಕಲ್ಲು ತಡೆಯುವುದು ಹೀಗಲ್ಲ; ಗುರಾಣಿ ತಿರುಗಿ ಒತ್ತುತ್ತಿತ್ತು.

ಕೆಂಚಪ್ಪನ ಕಾಲು ತಾನಾಗಿ ಒಂದು ಹೆಜ್ಜೆ ಹಿಂದೆ ಸರಿಯಿತು. ಆದರೂ ಗುರಾಣಿ ಮೊನೆಯನ್ನು ಬಿಡಲಿಲ್ಲ, ಅಲಗು ಬಾಗಿಯೇ ಇತ್ತು.

“ಸರಿಯೈತಾ?” ಇಂದ್ರೇಶ್ ಬಾಗಿಲಿಂದ ಕೇಳಿದರು.

“ಕತ್ತಿ ಸರಿಯೈತೆ ಸ್ವಾಮಿ,” ಎಂದ ಕೆಂಚಪ್ಪ, ಕಲ್ಲಿನಿಂದ ಕಣ್ಣು ತೆಗೆಯದೆ. “ಮುದ್ದಿ, ನೀನು ವಸಿ ಹೊರಗ್ ನಿಂತ್ಕೊ.”